ಬೆಟ್ಟದ ಪಾಸು

ನಮ್ಮ ಕಡೆ ಪಾಸು ಎಂದರೆ ಬಸ್ ಪಾಸು. ಜೂನ್ ತಿಂಗಳಲ್ಲಿ ಫೋಟೋ ಅಂಟಿಸಿ, ಕಾಲೇಜಿನ ಸೀಲು ಹಾಕಿಸಿ, ಬಸ್ ಸ್ಟ್ಯಾಂಡಿನ ಕೌಂಟರಿನ ಮುಂದೆ ಸಾಲು ನಿಂತು ಪಡೆಯುವಂಥದು. ದಿನಾ ಹೋಗಿ ಬರಲೇಬೇಕಾದವರು ಅದನ್ನು ಮಾಡಿಸುತ್ತಾರೆ. ಲಾಭವೋ ನಷ್ಟವೋ ಎಂದು ಯಾರೂ ಕಾಗದ ಪೆನ್ಸಿಲ್ ಹಿಡಿದು ಕೂರುವುದಿಲ್ಲ.

ಹಾಗಾಗಿ 2024ರ ನವೆಂಬರಿನ ಒಂದು ರಾತ್ರಿ, ಅಮೆರಿಕದ ಡೆನ್ವರ್‌ನಲ್ಲಿರುವ ಮಗಳ ಮನೆಯ ಊಟದ ಮೇಜಿನ ಮೇಲೆ ತಟ್ಟೆ ಎತ್ತುವ ಮೊದಲೇ ಕಂಪ್ಯೂಟರು ತೆರೆದುಕೊಂಡು "ಪಾಸು ತಗೊಳ್ಳೋದಾ, ಬಿಡೋದಾ?" ಎಂಬ ಚರ್ಚೆ ಶುರುವಾದಾಗ ನಾನು ಬಸ್ಸಿನದೇ ಇರಬೇಕೆಂದುಕೊಂಡೆ. ಅದು ಬಸ್ಸಿನದಲ್ಲ, ಬೆಟ್ಟದ್ದು. ಹಿಮದ ಬೆಟ್ಟದ ಮೇಲೆ ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಜಾರುತ್ತಾರಲ್ಲ, ಆ ಸ್ಕೀ ಆಟದ ಪಾಸು.

"ಜಾರೋದಕ್ಕೂ ದುಡ್ಡು ಕೊಡಬೇಕೇ?" ಎಂದೆ.

"ಜಾರೋದಕ್ಕಲ್ಲ ಅತ್ತೆ, ಹತ್ತೋದಕ್ಕೆ" ಎಂದರು ಅಳಿಯ.

ಮಾತು ನಿಜವೇ. ಇಳಿಯುವುದನ್ನು ಭೂಮಿ ನೋಡಿಕೊಳ್ಳುತ್ತದೆ. ಮೇಲಕ್ಕೆ ಒಯ್ಯಲು ಕಬ್ಬಿಣದ ಹಗ್ಗಕ್ಕೆ ತೂಗುಬಿಟ್ಟ ಕುರ್ಚಿಗಳಿವೆ, ಅದೇ ಲಿಫ್ಟ್. ಮೊಟ್ಟಮೊದಲ ಕುರ್ಚಿ ಲಿಫ್ಟ್ 1936ರಲ್ಲಿ ಐಡಾಹೋ ರಾಜ್ಯದ ಸನ್ ವ್ಯಾಲಿಯಲ್ಲಿ ಬಂತಂತೆ. ಅದನ್ನು ರೂಪಿಸಿದ ರೈಲ್ವೆ ಕಂಪೆನಿಯ ಎಂಜಿನಿಯರಿಗೆ ಹೊಳೆದದ್ದು ಬಾಳೆಗೊನೆಗಳನ್ನು ಕೊಕ್ಕೆಗೆ ಸಿಕ್ಕಿಸಿ ಹಡಗಿಗೆ ತುಂಬುವ ಯಂತ್ರದಿಂದ. ಗೊನೆಯ ಜಾಗದಲ್ಲಿ ಮನುಷ್ಯರನ್ನು ಕೂರಿಸಿದ, ಅಷ್ಟೆ! ಇದನ್ನು ಕೇಳಿದ ಮೇಲೆ ಆ ಕುರ್ಚಿಗಳನ್ನು ನೋಡಿದಾಗಲೆಲ್ಲ ನನಗೆ ನಮ್ಮೂರಿನ ಬಾಳೆಮಂಡಿಯೇ ನೆನಪಾಗುತ್ತಿತ್ತು.

ಚರ್ಚೆಗೆ ಬರೋಣ. ಅಲ್ಲಿ ಇಂಥ ಪಾಸುಗಳಲ್ಲಿ ದೊಡ್ಡವು ಎರಡು. 'ಎಪಿಕ್' ಪಾಸು 2008ರಲ್ಲಿ ಶುರುವಾಯಿತು. ವೇಲ್, ಬ್ರೆಕೆನ್‌ರಿಜ್, ಕೀಸ್ಟೋನ್ ಮೊದಲಾದ ಬೆಟ್ಟಗಳು ಅದರ ಲೆಕ್ಕಕ್ಕೆ. 2018ರಲ್ಲಿ ಪೈಪೋಟಿಗೆ ಬಂದದ್ದು 'ಐಕಾನ್'. ವಿಂಟರ್ ಪಾರ್ಕ್, ಕಾಪರ್, ಸ್ಟೀಮ್‌ಬೋಟ್ ಅದರ ಕಡೆ. ಎರಡರಲ್ಲೂ ಕೆನಡಾ, ಜಪಾನ್‌ಗಳ ಬೆಟ್ಟಗಳೂ ಸೇರಿವೆ. 2024–25ರ ಚಳಿಗಾಲದ ಪಾಸನ್ನು ಎಪಿಕ್‌ನವರು ಆ ವಸಂತದಲ್ಲಿ 982 ಡಾಲರಿಗೆ, ಐಕಾನ್‌ನವರು 1,249 ಡಾಲರಿಗೆ ಮಾರಲು ಶುರುಮಾಡಿದ್ದರು. ಬೇಸಿಗೆ ಕಳೆದು ಚಳಿ ಹತ್ತಿರವಾದಂತೆ ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಡಿಸೆಂಬರಿನ ಮೊದಲ ಭಾಗದಲ್ಲಿ ಮಾರಾಟವೇ ಬಂದ್. ಆಮೇಲೆ ಎಷ್ಟು ಕೊಡುತ್ತೇನೆಂದರೂ ಸಿಕ್ಕದು. ನಮ್ಮ ಮೇಜಿನ ಮೇಲಿನ ಆತುರಕ್ಕೆ ಅದೇ ಕಾರಣ.

ಬೆಲೆ ಕಡಿಮೆಯ ಪಾಸುಗಳೂ ಇವೆ. ಆದರೆ ಅವುಗಳಲ್ಲಿ ನಿಷಿದ್ಧ ದಿನಗಳು! ಕ್ರಿಸ್‌ಮಸ್ ರಜೆ, ಜನವರಿ ಮತ್ತು ಫೆಬ್ರವರಿಯ ಉದ್ದನೆಯ ವಾರಾಂತ್ಯಗಳು, ಹೀಗೆ ಎಲ್ಲರಿಗೂ ಬಿಡುವಿರುವ ದಿನಗಳಲ್ಲೇ ಪಾಸು ನಡೆಯದು. ದೀಪಾವಳಿಯ ಹಿಂದಿನ ದಿನ ನಡೆಯದ ಬಸ್ ಪಾಸನ್ನು ನೆನೆಸಿಕೊಳ್ಳಿ.

ಪಾಸು ಇಲ್ಲದೆ ಆ ದಿನವೇ ಹೋಗಿ ಕಿಟಕಿಯಲ್ಲಿ ಟಿಕೆಟ್ ಕೇಳಿದರೆ? ವೇಲ್‌ನಂಥ ಕಡೆ ಜನ ಸೇರುವ ದಿನಗಳಲ್ಲಿ ಒಬ್ಬರಿಗೆ ಒಂದು ದಿನಕ್ಕೆ 300 ಡಾಲರ್ ಮೀರುತ್ತದೆ. ಕೇಳಿ ನನ್ನ ಕೈಲಿದ್ದ ಮಜ್ಜಿಗೆ ಲೋಟ ಅಲುಗಿತು. ಆ ದುಡ್ಡಿನಲ್ಲಿ ನಮ್ಮ ಮನೆಗೆ ಎಷ್ಟು ತಿಂಗಳ ದಿನಸಿ ಬರುತ್ತದೆಂದು ಮನಸ್ಸು ತಾನಾಗಿ ಗುಣಿಸತೊಡಗಿತು.

ಅಳಿಯನ ಲೆಕ್ಕ ಚೊಕ್ಕವಾಗಿತ್ತು. ಹಿಂದಿನ ವರ್ಷ ಅವರು 900 ಡಾಲರಿಗೂ ಮೇಲೆ ಕೊಟ್ಟು ಪಾಸು ತೆಗೆದುಕೊಂಡಿದ್ದರು. ಹೋದದ್ದು 5 ದಿನ. ದಿನಕ್ಕೆ ಹೆಚ್ಚುಕಡಿಮೆ 180 ಬಿತ್ತು. "ಕಿಟಕಿ ಬೆಲೆ 300 ಅಂತಿಟ್ಟುಕೊಳ್ಳಿ. 5 ದಿನಕ್ಕೆ 1,500. ಅಂದರೆ 600 ಡಾಲರ್ ಉಳೀತು ಅತ್ತೆ."

ನನಗೆ ನಗು ತಡೆಯಲಾಗಲಿಲ್ಲ. ಈ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಆಷಾಢದ ರಿಯಾಯಿತಿಯಲ್ಲಿ 3,000 ರೂಪಾಯಿ ಸೀರೆಯನ್ನು 1,800ಕ್ಕೆ ತಂದು, "1,200 ಉಳಿಸಿದೆ" ಎಂದು ಹೇಳಿದಾಗ ಮನೆಯವರು ಕನ್ನಡಕದ ಮೇಲಿಂದ ನೋಡಿ, "ಉಳಿದ ದುಡ್ಡು ಎಲ್ಲಿದೆ? ತೋರಿಸು" ಎನ್ನುತ್ತಿದ್ದರಲ್ಲ! ಇಷ್ಟು ವರ್ಷದ ಮೇಲೆ, ಅದೂ ಸಮುದ್ರದಾಚೆ, ಗಂಡಸೊಬ್ಬರ ಬಾಯಲ್ಲಿ ಅದೇ ಮಾತು ಕೇಳಿ ಎದೆ ತಣ್ಣಗಾಯಿತು.

ಪಾಸು ಮಾರುವವರ ಜಾಣತನವನ್ನೂ ಮೆಚ್ಚಬೇಕು. ಹಿಮ ಎಂಬುದು ಮಳೆಯಂತೆಯೇ ನಂಬಿಕೆಗೆ ದೂರ. ಒಂದು ವರ್ಷ ಸುರಿಯುತ್ತದೆ, ಒಂದು ವರ್ಷ ಮುನಿಸಿಕೊಳ್ಳುತ್ತದೆ. ಹಿಮ ಬೀಳುವ ಮೊದಲೇ ಪಾಸು ಮಾರಿಬಿಟ್ಟರೆ ಬಿದ್ದರೂ ಬೀಳದಿದ್ದರೂ ದುಡ್ಡು ಪೆಟ್ಟಿಗೆಯಲ್ಲಿ. ಪೈರು ಏಳುವ ಮೊದಲೇ ಬೆಲೆ ಕುದುರಿಸಿ ಮುಂಗಡ ಪಡೆಯುವ ರೈತನನ್ನು ನೀವು ಕಂಡಿದ್ದೀರಾ? ನಾನಂತೂ ಕಂಡಿಲ್ಲ. ಇಲ್ಲಿ ಮಳೆಯ ಚಿಂತೆಯನ್ನು ಕೊಳ್ಳುವವನೇ ಹೊರುತ್ತಾನೆ. ಕಿಟಕಿಯ ಬೆಲೆ ಎತ್ತರದಲ್ಲಿದ್ದಷ್ಟೂ ಪಾಸು ಅಗ್ಗವಾಗಿ ಕಾಣುತ್ತದೆ. 2020ರ ಮಾರ್ಚ್ ನಡುವಿನಲ್ಲಿ ಕೊರೋನಾ ಬಂದು ಕೊಲರಾಡೋದ ಲಿಫ್ಟ್‌ಗಳೆಲ್ಲ ನಿಂತಾಗ ಪಾಸು ಹಿಡಿದವರು ಕಂಗಾಲಾದರು. ಆ ಮೇಲೆ ಎರಡೂ ಕಂಪೆನಿಗಳು ಮುಂದಿನ ವರ್ಷದ ಪಾಸಿನಲ್ಲಿ ಒಂದಿಷ್ಟು ರಿಯಾಯಿತಿ ಕೊಟ್ಟವು. ರಿಯಾಯಿತಿ ಬೇಕೆಂದರೆ ಮತ್ತೆ ಪಾಸೇ ಕೊಳ್ಳಬೇಕು, ನೋಡಿ!

ಹಾಗೆಂದು ಪಾಸು ಮೋಸವೆನ್ನಲಾರೆ. ಮಗಳ ಪಕ್ಕದ ಮನೆಯ ನಿವೃತ್ತ ದಂಪತಿಗಳು ವಾರದ ನಡುವಿನ ದಿನಗಳಲ್ಲಿ, ರಸ್ತೆ ಖಾಲಿ ಇರುವಾಗ, ಚಳಿಗಾಲದಲ್ಲಿ 30 ಸಲ ಹೋಗಿಬರುತ್ತಾರೆ. ಅವರಿಗೆ ದಿನಕ್ಕೆ ತುಂಬ ಕಡಿಮೆ ಬಿದ್ದೀತು. ಪಾಸು ಹುಟ್ಟಿರುವುದೇ ಅಂಥವರಿಗಾಗಿ. ನಮ್ಮ ಮನೆಯವರು ಶನಿವಾರ, ಭಾನುವಾರದ ಜನ. ಬೆಳಿಗ್ಗೆ ಐದಕ್ಕೆ ಹೊರಡಬೇಕು. ಸಂಜೆ ಬೆಟ್ಟದಿಂದ ಡೆನ್ವರ್‌ಗೆ ಇಳಿಯುವ ಹೆದ್ದಾರಿಯಲ್ಲಿ ಜಾತ್ರೆ ಮುಗಿದ ರಸ್ತೆಯಂತೆ ಕಾರುಗಳ ಸಾಲು.

ಇಷ್ಟೆಲ್ಲ ಲೆಕ್ಕದಲ್ಲಿ ಒಂದು ಬಾಬತ್ತು ಬಿಟ್ಟುಹೋಗಿದೆ ಎಂದು ನನಗೆ ತಿಳಿದದ್ದು ಆ ವಾರಾಂತ್ಯದಲ್ಲಿ. ನನಗೆ ಹಿಮ ತೋರಿಸಲೆಂದು ಎಲ್ಲರೂ ಲವ್‌ಲ್ಯಾಂಡ್ ಎಂಬ ಬೆಟ್ಟಕ್ಕೆ ಹೋದೆವು. ಅದು ಹೆದ್ದಾರಿಯ ಪಕ್ಕದಲ್ಲೇ, ಐಸೆನ್‌ಹೋವರ್ ಸುರಂಗದ ಬಾಯಲ್ಲಿದೆ. ಎಪಿಕ್‌ಗೂ ಐಕಾನ್‌ಗೂ ಸೇರದ ಬೆಟ್ಟ. ಬುಡವೇ 10,800 ಅಡಿ ಎತ್ತರದಲ್ಲಿ. ಕಾರಿನಿಂದಿಳಿದು ಇಪ್ಪತ್ತು ಹೆಜ್ಜೆ ಹಾಕುವಷ್ಟರಲ್ಲಿ ನನಗೆ ಏದುಸಿರು.

ಬುಡದಲ್ಲಿ ದೊಡ್ಡ ಹಾಲ್ ಇದೆ. ಅದನ್ನು ಲಾಡ್ಜ್ ಎನ್ನುತ್ತಾರೆ. ನಮ್ಮ ಬಸ್ ಸ್ಟ್ಯಾಂಡಿನ ಎದುರಿನ ಲಾಡ್ಜ್ ಅಲ್ಲ, ಉದ್ದ ಬೆಂಚುಗಳು, ಕಾಫಿ, ಒದ್ದೆ ಕಾಲುಚೀಲದ ವಾಸನೆ. ಅಳಿಯ ಟಿಕೆಟ್ ಸಿಕ್ಕಿಸಿಕೊಂಡು ಕುರ್ಚಿ ಹತ್ತಿ ಮಾಯವಾದರು. ಮಗಳು ಎರಡು ವರ್ಷದ ಮೊಮ್ಮಗನನ್ನು ಮಡಿಲಿಗೆ ಹಾಕಿಕೊಂಡು, ಸುತ್ತ ನಾಲ್ಕು ಚೀಲ ಪೇರಿಸಿಕೊಂಡು ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತಳು. ಕೂತ ರೀತಿಯಲ್ಲೇ ಅಭ್ಯಾಸ ಕಾಣುತ್ತಿತ್ತು. ಯಾವ ಬೆಂಚಿಗೆ ಬಿಸಿಲು ಬರುತ್ತದೆ, ಬಿಸಿನೀರು ಎಲ್ಲಿ ಸಿಗುತ್ತದೆ, ಮಗುವನ್ನು ಎಲ್ಲಿ ಒಣಗಿಸಿ ಬದಲಾಯಿಸಬೇಕು, ಎಲ್ಲವೂ ಅವಳಿಗೆ ಗೊತ್ತು. ಅತ್ತಿತ್ತ ನೋಡಿದೆ. ಅಂಥ ಬೆಂಚುಗಳಲ್ಲಿ ಅಂಥದೇ ಚೀಲಗಳ ನಡುವೆ ಇನ್ನೂ ಕೆಲವು ಹೆಂಗಸರಿದ್ದರು. ಮೈಬಣ್ಣ ಬೇರೆ, ಭಾಷೆ ಬೇರೆ, ಕೂತ ಭಂಗಿ ಒಂದೇ.

"ನಿಂಗೆ ಬೇಜಾರಾಗಲ್ವೇನೇ?" ಎಂದೆ.

"ಅಭ್ಯಾಸ ಆಗಿದೆ ಬಿಡಮ್ಮ. ಹೋದ ವರ್ಷ ಐದು ದಿನಾನೂ ಇದೇ ಥರ ಕೂತಿದ್ದೆ. ಪಾಸು ಇದೆ, ಹೋಗದಿದ್ದರೆ ದುಡ್ಡು ದಂಡ ಅಂತ ಅವರಿಗೆ. ಮಗೂಗೆ ಶೀತ ಆಗಿದ್ದ ವಾರಾನೂ ಹೋದ್ವಿ."

"ನೀನು ಕಲಿಯಬಹುದಿತ್ತಲ್ಲ?"

"ಇಬ್ಬರಿಗೂ ಪಾಸು ಅಂದರೆ ದುಬಾರಿ ಆಗತ್ತಮ್ಮ" ಎಂದು ಹೊರಗೆ ನೋಡಿದಳು. ಬೇಲಿಯಾಚೆ ಹೊಸಬರಿಗೆಂದೇ ಇರುವ ತಗ್ಗಿನ ಇಳಿಜಾರಿನಲ್ಲಿ ಅವಳ ವಯಸ್ಸಿನವಳೊಬ್ಬಳು ಬಿದ್ದೂ ಬಿದ್ದೂ ನಗುತ್ತಿದ್ದಳು. ಮಗಳು ಅವಳನ್ನು ತುಂಬ ಹೊತ್ತು ನೋಡಿದಳು. ಚಿಕ್ಕವಳಿದ್ದಾಗ ಉಯ್ಯಾಲೆಯ ಸರದಿಗಾಗಿ ಕಾಯುತ್ತ ಇದೇ ಕಣ್ಣಿನಿಂದ ನೋಡುತ್ತಿದ್ದಳು. ನಾನು ಮಾತು ಮುಂದುವರಿಸಲಿಲ್ಲ.

ಅಳಿಯಂದಿರ ಮನೆಯ ವ್ಯವಹಾರದಲ್ಲಿ ಅತ್ತೆ ಬಾಯಿ ಹಾಕಬಾರದೆಂಬುದು ನಾನು ನಂಬಿಕೊಂಡು ಬಂದ ನೇಮ. ಆದರೂ ಅಂದು ರಾತ್ರಿ ಮತ್ತೆ ಕಂಪ್ಯೂಟರು ತೆರೆದಾಗ ಕೇಳಿಯೇಬಿಟ್ಟೆ. "ತಪ್ಪು ತಿಳೀಬೇಡಿ, ದಿನಕ್ಕೆ ಎಷ್ಟು ಬೀಳತ್ತೆ ಅಂತ ಭಾಗಿಸ್ತಾ ಇದೀರಲ್ಲ, ಆ ದಿನಗಳು ಯಾರವು? ಹೋದ ವರ್ಷ ನಿಮ್ಮದು ಐದು ದಿನ. ಬೆಂಚಿನ ಮೇಲೆ ಅವಳದೂ ಐದು. ಅದನ್ನ ಯಾವ ಕಡೆ ಬರೆದಿರಿ?"

ಮಗಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದರು. ಸಿಟ್ಟು ಬಂತೇನೋ ಎಂದು ನನಗೂ ಅಳುಕಾಯಿತು. ಕೊನೆಗೆ ಮೆಲ್ಲಗೆ ಹೇಳಿದರು, "ಸೋಮವಾರ ಆಫೀಸಲ್ಲಿ ಎಲ್ಲರದ್ದೂ ಇದೇ ಮಾತು ಅತ್ತೆ. ಯಾವ ಬೆಟ್ಟ, ಎಷ್ಟು ಹಿಮ, ಯಾವ ಪಾಸು ಅಂತ. ಮೊದಲೆರಡು ವರ್ಷ ನಾನು ಕಾಫಿ ಹಿಡ್ಕೊಂಡು ಸುಮ್ಮನೆ ನಿಂತಿರ್ತಿದ್ದೆ. ಪಾಸು ತಗೊಂಡ ಮೇಲೆ ನನಗೂ ಮಾತಾಡೋಕೆ ಏನೋ ಸಿಕ್ತು."

ಐಸ್ ಕ್ಯಾಂಡಿ ಬಿಟ್ಟರೆ ಹಿಮವನ್ನೇ ಕಾಣದ ಊರಿನಲ್ಲಿ ಬೆಳೆದ ಹುಡುಗ. ಹಣ ಕೊಟ್ಟು ಕೊಂಡದ್ದು ಬೆಟ್ಟವನ್ನಲ್ಲ, ಸೋಮವಾರದ ಗುಂಪಿನಲ್ಲಿ ನಿಲ್ಲಲು ಒಂದು ಜಾಗವನ್ನು. ನನ್ನ ಮನಸ್ಸು ಕರಗಿತು. ಲೆಕ್ಕದಲ್ಲಿ ಬಿಟ್ಟುಹೋದ ಬಾಬತ್ತು ಒಂದಲ್ಲ, ಎರಡು.

ಆಮೇಲೆ ಗಂಡ ಹೆಂಡತಿ ಇಬ್ಬರೂ ಕೂತು ಹೊಸದಾಗಿ ಲೆಕ್ಕ ಹಾಕಿದರು. ಬೆಲೆಯಿಂದ ಶುರುಮಾಡದೆ ಕ್ಯಾಲೆಂಡರಿನಿಂದ ಶುರುಮಾಡಿದರು. ಮಗು, ಆಫೀಸು, ಹಬ್ಬ, ನೆಂಟರು ಎಲ್ಲ ಕಳೆದು ಆ ಚಳಿಗಾಲದಲ್ಲಿ ನಿಜವಾಗಿ ಹೋಗಲಾಗುವ ದಿನಗಳು ನಾಲ್ಕೋ ಐದೋ. ನೋಡಬೇಕಾದ ಬೆಟ್ಟ ಒಂದೇ. ಹೀಗಿರುವಾಗ ಹತ್ತಾರು ಬೆಟ್ಟಗಳ ಪಾಸು ಏಕೆ? ಲವ್‌ಲ್ಯಾಂಡಿನವರು ಚಳಿಗಾಲದ ಆರಂಭದಲ್ಲಿ ನಾಲ್ಕು ಟಿಕೆಟ್ಟಿನ ಒಂದು ಕಟ್ಟು ಮಾರುತ್ತಾರೆ. ದೊಡ್ಡ ಬೆಟ್ಟಗಳ ಎರಡು ದಿನದ ಕಿಟಕಿ ಬೆಲೆಗಿಂತಲೂ ಕಡಿಮೆಗೆ ನಾಲ್ಕು ದಿನ. ಪಾಸಿನಂತೆ ಒಬ್ಬರ ಫೋಟೋಕ್ಕೆ ಅಂಟಿಕೊಂಡದ್ದಲ್ಲ, ಹಂಚಿಕೊಳ್ಳಬಹುದು. ಮೊದಲ ಸಲ ಕಲಿಯುವವರಿಗೆ ಪಾಠ, ಬಾಡಿಗೆ ಸಾಮಾನು, ತಗ್ಗಿನ ಲಿಫ್ಟಿನ ಟಿಕೆಟ್ ಎಲ್ಲ ಸೇರಿದ ಏರ್ಪಾಡು ಬೇರೆ. ನಾಲ್ಕರ ಕಟ್ಟು ಒಂದು, ಮಗಳಿಗೆ ಕಲಿಕೆ ಒಂದು ಎಂದು ತೀರ್ಮಾನವಾಯಿತು.

ನಿಮ್ಮ ಮಕ್ಕಳೂ ಆ ಕಡೆ ಇದ್ದು ಇಂಥ ಲೆಕ್ಕ ಹಾಕುತ್ತಿದ್ದರೆ ನಾನು ಕಲಿತದ್ದನ್ನು ಹೇಳಿಬಿಡುತ್ತೇನೆ. ಎಂಟು ಹತ್ತು ದಿನ ಖಂಡಿತ ಹೋಗುವವರು, ಅದರಲ್ಲೂ ಬೇರೆ ಬೇರೆ ಬೆಟ್ಟ ಬಯಸುವವರು, ವಸಂತದಲ್ಲೇ ಪಾಸು ಕೊಳ್ಳಲಿ. ಮೂರು ನಾಲ್ಕು ದಿನದವರು ಒಂದೇ ಬೆಟ್ಟದ ಕಟ್ಟನ್ನೋ, ಮೊದಲೇ ದಿನ ಎಣಿಸಿ ಕೊಳ್ಳುವ ಟಿಕೆಟ್ಟನ್ನೋ ಹುಡುಕಲಿ. ಎಪಿಕ್‌ನವರೇ ಒಂದರಿಂದ ಏಳು ದಿನದವರೆಗೆ ಹಾಗೆ ಮಾರುತ್ತಾರೆ. ರಜೆಯ ದಿನ ಹೋಗಿ ಕಿಟಕಿಯಲ್ಲಿ ಕೊಳ್ಳುವುದು ಮಾತ್ರ ಯಾರಿಗೂ ಬೇಡ. ಬಾಡಿಗೆ ಪಟ್ಟಿ, ಬೂಟು, ಪೆಟ್ರೋಲು, ಊಟ ಯಾವ ಪಾಸಿನಲ್ಲೂ ಸೇರಿಲ್ಲವೆಂಬುದನ್ನು ಮರೆಯಬಾರದು. ಎಲ್ಲಕ್ಕಿಂತ ಮೊದಲು, ಬೆಂಚಿನ ಮೇಲೆ ಯಾರು ಕೂರುತ್ತಾರೆಂದು ಕೇಳಿಕೊಳ್ಳಬೇಕು.

ಜನವರಿಯ ಒಂದು ಶನಿವಾರ ಮಗಳು ಮೊದಲ ಪಾಠಕ್ಕೆ ಹೋದಳು. ಮೊಮ್ಮಗನನ್ನು ನಾನೂ ಅಳಿಯನೂ ಸರದಿಯ ಮೇಲೆ ನೋಡಿಕೊಂಡೆವು. ಅದೇ ಬೆಂಚಿನಲ್ಲಿ, ಅದೇ ನಾಲ್ಕು ಚೀಲಗಳ ನಡುವೆ, ಮೊಸರನ್ನದ ಡಬ್ಬಿ ಬಿಚ್ಚಿ ಅಳಿಯ ಮಗುವಿಗೆ ತಿನ್ನಿಸುತ್ತಿದ್ದರು. ಅರ್ಧ ಅನ್ನ ಅವರ ದುಬಾರಿ ಜಾಕೆಟ್ಟಿನ ಮೇಲೆ. "ಇಲ್ಲಿ ಟೈಮೇ ಹೋಗಲ್ಲ ಅಲ್ವಾ ಅತ್ತೆ?" ಎಂದರು. ನಾನು ಏನೂ ಹೇಳಲಿಲ್ಲ.

ಕಿಟಕಿಯಾಚೆ ಮಗಳು ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಮಧ್ಯಾಹ್ನ ಒಳಗೆ ಬಂದಾಗ ಮೊಣಕಾಲವರೆಗೆ ಹಿಮ, ಮೂಗು ಕೆಂಪು. ಊಟಕ್ಕೆ ಕೂರುತ್ತಾಳೆಂದು ಡಬ್ಬಿ ಮುಂದಿಟ್ಟೆ. ಅವಳು ಕೂರಲಿಲ್ಲ. ಗಂಡನನ್ನು ನೋಡಿದಳು, ಮಗುವನ್ನು ನೋಡಿದಳು, ಆಮೇಲೆ ಉಯ್ಯಾಲೆಯ ಕಾಲದ ಅದೇ ದನಿಯಲ್ಲಿ ನನ್ನನ್ನು ಕೇಳಿದಳು:

"ಅಮ್ಮ, ಇನ್ನೊಂದೇ ಒಂದು ಸಲ ಹೋಗಿ ಬರ್ಲಾ?"