ನಲ್ಲೂರಿನ ಹುಣಸೆತೋಪು ಮತ್ತು ಬೇಲಿಯ ಹಕ್ಕಿಗಳು

ದೇವನಹಳ್ಳಿಯ ಕೋಟೆಯನ್ನು ನೋಡಲು ಬರುವವರು ಅನೇಕರು. ಅದೇ ತಾಲ್ಲೂಕಿನ ನಲ್ಲೂರಿನವರೆಗೆ ಹೋಗುವವರು ವಿರಳ. ಅಲ್ಲಿ ಸುಮಾರು 54 ಎಕರೆ ನೆಲದಲ್ಲಿ 300ರಷ್ಟು ಹುಣಸೆಮರಗಳಿವೆ. ಕಾಂಡಗಳು ಪೊಳ್ಳಾಗಿ, ತಿರುಚಿಕೊಂಡು, ಕೆಲವು ನೆಲಕ್ಕೊರಗಿದಲ್ಲಿಂದಲೇ ಮತ್ತೆ ಚಿಗುರಿ ನಿಂತಿವೆ. ಇವು ಚೋಳರ ಕಾಲದವೆಂಬುದು ಪ್ರತೀತಿ. 2002ರ ಜೀವವೈವಿಧ್ಯ ಅಧಿನಿಯಮದಂತೆ 2007ರಲ್ಲಿ ಈ ತೋಪು ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು.

ತೋಪಿಗೇನೋ ಕಾನೂನಿನ ರಕ್ಷೆ ದೊರೆಯಿತು. ಆದರೆ ಈ ಸೀಮೆಯ ಹಕ್ಕಿಗಳೆಲ್ಲ ತೋಪಿನಲ್ಲಿಯೇ ಬಾಳುವವಲ್ಲ. ದೊಡ್ಡಬಳ್ಳಾಪುರ, ಹೊಸಕೋಟೆಗಳ ಕಡೆಯ ಹೊಲದ ಬದುಗಳಲ್ಲಿ ಕಳ್ಳಿ, ಕತ್ತಾಳೆ, ಲಕ್ಕಿ, ಸೀಗೆ, ಲಂಟಾನ ಹೆಣೆದುಕೊಂಡ ಹಸಿರುಬೇಲಿಗಳೇ ಅನೇಕ ಹಕ್ಕಿಗಳ ಮನೆ. ಲಂಟಾನ ಪರದೇಶದಿಂದ ಬಂದ ಉಪದ್ರವಿ, ನಿಜ. ಆದರೆ ಗೂಡು ಕಟ್ಟುವ ಪಿಕಳಾರ ಗಿಡದ ಕುಲಗೋತ್ರ ವಿಚಾರಿಸುವುದಿಲ್ಲ. ಹರಟೆಮಲ್ಲ, ಕೆಂಬೂತಗಳೂ ಪೊದೆಯನ್ನೇ ನಂಬಿವೆ. ಗೌಜಲಕ್ಕಿಯಂತೂ ಮುಳ್ಳಿನ ಮರೆಯ ಬರಿನೆಲದಲ್ಲಿಯೇ ಮೊಟ್ಟೆಯಿಡುತ್ತದೆ.

2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಇಲ್ಲಿ ಹೊಲಗಳು ನಿವೇಶನಗಳಾದವು. ಬೇಲಿಯಿದ್ದಲ್ಲಿ ಕಲ್ಲುಕಂಬ, ತಂತಿ, ಕಾಂಪೌಂಡುಗಳು ಬಂದವು. ಜೆಸಿಬಿ ಯಂತ್ರಕ್ಕೆ ಒಂದು ಬೇಲಿ ಅರ್ಧ ದಿನದ ಕೆಲಸ.

ಇದನ್ನು ತಡೆಯುವ ಕಾನೂನಿಲ್ಲವೇ ಎಂದು ವಾಚಕರು ಕೇಳಬಹುದು. ಬೇಲಿಗೆಂದೇ ಮಾಡಿದ ಕಾನೂನು ನಮ್ಮಲ್ಲಿಲ್ಲ. ಇಂಗ್ಲೆಂಡಿನಲ್ಲಿ 1997ರಿಂದಲೂ ಹಳೆಯ ಬೇಲಿಗಳನ್ನು ಕೀಳಲು ಮೊದಲೇ ತಿಳಿಸಬೇಕೆಂಬ ನಿಯಮವಿದೆ. 2024ರ ನಿಯಮದಂತೆ ಮಾರ್ಚಿಯಿಂದ ಆಗಸ್ಟ್ ಕೊನೆಯವರೆಗೆ ಹೊಲದ ಬೇಲಿಯನ್ನು ಸಾಮಾನ್ಯವಾಗಿ ಕತ್ತರಿಸುವಂತಿಲ್ಲ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಇನ್ನೊಂದು ದಾರಿ ಹಿಡಿದಿದೆ. ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದನ್ನೂ, ಮೊಟ್ಟೆಯನ್ನಾಗಲಿ ಗೂಡನ್ನಾಗಲಿ ಕದಡುವುದನ್ನೂ ಅದು ‘ಬೇಟೆ’ ಎಂಬ ಮಾತಿನೊಳಗೇ ಸೇರಿಸಿದೆ. ಕೋವಿ ಹಿಡಿದವನು ಮಾತ್ರ ಬೇಟೆಗಾರನಲ್ಲ! ಅನುಸೂಚಿಯಲ್ಲಿ ಸೇರಿದ ಹಕ್ಕಿಯ ಗೂಡಿಗೆ ಈ ರಕ್ಷೆಯುಂಟು. ಗೂಡನ್ನು ಹೊತ್ತ ಪೊದೆಗೆ ಇಲ್ಲ. ಗೂಡು ಖಾಲಿಯಾದ ಮರುದಿನ ಪೊದೆಯನ್ನು ಕಿತ್ತರೆ ಕೇಳುವವರಿಲ್ಲ; ಮುಂದಿನ ವರ್ಷ ಹಕ್ಕಿಗೆ ಠಾವೂ ಇಲ್ಲ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಜನರ ಮನೆಯಂಗಳದ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಅದಕ್ಕೂ ಬಹಳ ಮೊದಲಿನಿಂದ ಆ ಊರಿನವರು ಹಕ್ಕಿಗಳನ್ನು ಮನೆಮಕ್ಕಳಂತೆ ಕಂಡವರು. ಹುಣಸೆಯ ಫಸಲಿಗೆ ಆಗುವ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ನೀಡುತ್ತ ಬಂದಿದೆ. ಬೇಲಿ ಉಳಿಸಿಕೊಂಡ ರೈತನಿಗೂ ಇಂಥದೊಂದು ಏರ್ಪಾಡು ಏಕಾಗಬಾರದು?

ಪಿಕಳಾರ ಕಾವು ಕೊಡುವುದು ಸುಮಾರು 2 ವಾರ. ಮರಿ ಹಾರಲು ಇನ್ನೆರಡು ವಾರ ಸಾಕು. ಮುಂಗಾರಿಗೆ ಮುನ್ನ ಬೇಲಿ ಸವರಲು ಆಳನ್ನು ಕರೆದ ಮನೆಯವರು ಮೊದಲು ಪೊದೆಯೊಳಗೆ ಒಮ್ಮೆ ಇಣುಕಿ, ಗೂಡಿರುವ ಒಂದೆರಡು ಮಾರುದ್ದವನ್ನು ಒಂದು ತಿಂಗಳು ಹಾಗೆಯೇ ಬಿಟ್ಟರೆ ರಾಗಿಯ ಬಿತ್ತನೆಗೆ ಅಡ್ಡಿಯಾಗದು.