ರೋಣವೆಂಬ ಸೊನ್ನೆ

ಗದಗ ಜಿಲ್ಲೆಯ ಎರೆಸೀಮೆಯಲ್ಲಿ ನರಗುಂದ, ರೋಣ, ಗಜೇಂದ್ರಗಡಗಳು ಪಡುವಲಿಂದ ಮೂಡಲಿಗೆ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲಿವೆ. ಈ ಹಾದಿಯಲ್ಲಿ ಸಂಚರಿಸುವಾಗ ನಮಗೆ ಅಮೇರಿಕೆಯ ರಾಬರ್ಟ್ ಮೋಸೆಸ್‌ರ ಸ್ಮರಣೆಯಾಯಿತು.

ಕಪ್ಪು ಜನಾಂಗದ ಈ ಮುಂದಾಳು ತಮ್ಮವರಿಗೆ ಮತದ ಹಕ್ಕು ದೊರಕಿಸಲೆಂದು 1961ರಲ್ಲಿ ಮಿಸಿಸಿಪಿಯಲ್ಲಿ ಪೆಟ್ಟು ತಿಂದರು, ಸೆರೆಮನೆಯನ್ನೂ ಕಂಡರು. ರಾಜ್ಯಘಟನೆಯ ಕಲಮನ್ನೋದಿ, ಅಧಿಕಾರಿಯು ಒಪ್ಪುವಂತೆ ಅರ್ಥ ಹೇಳದ ಹೊರತು ಅವರಿಗೆ ಅಲ್ಲಿ ಮತವಿರಲಿಲ್ಲ. ಅಂದು ಅಕ್ಷರವು ಮುಚ್ಚಿದ ಬಾಗಿಲನ್ನು ಇಂದು ಗಣಿತವು ಮುಚ್ಚುತ್ತಿದೆಯೆಂದು ಬಗೆದು, ಅವರು 1982ರಲ್ಲಿ ಬಡಮಕ್ಕಳಿಗಾಗಿ ಬೀಜಗಣಿತದ ಯೋಜನೆಯನ್ನು ಆರಂಭಿಸಿದರು. ಮಕ್ಕಳನ್ನು ರೈಲಿನಲ್ಲಿ ಕರೆದೊಯ್ದು, ಒಂದು ನಿಲ್ದಾಣವನ್ನು ಸೊನ್ನೆಯೆಂದಿಟ್ಟು, ಒಂದು ಕಡೆಯದು ಧನ, ಇನ್ನೊಂದು ಕಡೆಯದು ಋಣವೆಂದು ಕಲಿಸುವುದು ಅವರ ಪದ್ಧತಿ.

ನಮ್ಮ ಮಕ್ಕಳಿಗೆ ಈ ಹಾದಿಯೇ ಸಾಕು. ರೋಣವನ್ನು ಸೊನ್ನೆಯೆಂದು ಹಿಡಿದರೆ ಗಜೇಂದ್ರಗಡದತ್ತ ಧನ, ನರಗುಂದದತ್ತ ಋಣ. ಗಜೇಂದ್ರಗಡದ ಮಗ್ಗದಲ್ಲಿ ಎಳೆಗಳ ಎಣಿಕೆ ತಪ್ಪಿದರೆ ಸೀರೆಯ ಅಂಚು ಕೂಡದು; ನೇಕಾರನ ಮಗುವಿಗೆ ಗಣಿತವು ಪರಕೀಯವಲ್ಲ.

ಋಣವೆಂಬ ಮಾತಾದರೂ ನರಗುಂದದ ರೈತರಿಗೆ ಹೊಸದಲ್ಲ. ಮಲಪ್ರಭೆಯ ನೀರಾವರಿಯ ಹೆಸರಿನಲ್ಲಿ ಹೊರಿಸಿದ ಅಭಿವೃದ್ಧಿ ಕರದ ವಿರುದ್ಧ ಅವರು 1980ರ ಜುಲೈ 21ರಂದು ಎದ್ದು ನಿಂತರು, ಗೋಲೀಬಾರಿನಲ್ಲಿ ಪ್ರಾಣಹಾನಿಯಾಯಿತು. ಹೊಲಕ್ಕೆ ಬಂದ ನೀರೆಷ್ಟು, ತಲೆಯ ಮೇಲೆ ಬಿದ್ದ ಕರವೆಷ್ಟು ಎಂಬ ಲೆಕ್ಕವೇ ಅಲ್ಲಿ ಹಕ್ಕಿನ ಪ್ರಶ್ನೆಯಾಗಿತ್ತು.

ಮೋಸೆಸ್‌ರು 2021ರಲ್ಲಿ ತೀರಿಕೊಂಡರು. ‘ಲೆಕ್ಕ ಇವಳ ತಲೆಗೆ ಹತ್ತದು’ ಎಂದು ಮಗಳನ್ನು ಬದಿಗೆ ಕೂಡಿಸುವ ಹಿರಿಯರು ಇಷ್ಟನ್ನು ನೆನೆಯಲಿ: ತನ್ನ ಲೆಕ್ಕವನ್ನು ತಾನು ಬರೆಯಲಾರದವಳ ಲೆಕ್ಕವನ್ನು ಪರರು ಬರೆಯುವರು.