ಕಿಟಕಿ ಸ್ಪಷ್ಟ, ಅಮ್ಮಿ ಮಸುಕು

ನಮ್ಮ ಅಮ್ಮಿ ಕ್ಯಾಮೆರಾದ ಮುಂದೆ ಕೂರುವವರಲ್ಲ. ಫೋಟೋ ಎಂದರೆ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುವ ಕಾಲದವರು. ಪಡಿತರ ಚೀಟಿಗೆ ಒಂದು, ಪಾಸ್‌ಪೋರ್ಟಿಗೆ ಒಂದು, ಇವೆರಡನ್ನು ಬಿಟ್ಟರೆ ಅವರ ಚಿತ್ರವೇ ಮನೆಯಲ್ಲಿಲ್ಲ. ಕಳೆದ ವರ್ಷ, ಎಂಬತ್ತು ಸಮೀಪಿಸುತ್ತಿದ್ದಾಗ, ಯಾಕೋ ಏನೋ, "ಆಯಿತು, ಒಂದು ಸಲ ತೆಗೆ" ಎಂದರು. ಮೊಬೈಲಿನಲ್ಲಿ ತೆಗೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಮಗೆ ರೀಲಿನ ಹುಚ್ಚು. (ಒಬ್ಬರೇ ಇದ್ದರೂ 'ನಾವು' ಎನ್ನುವುದು ಉರ್ದು ಶಾಲೆಯಿಂದ ಅಂಟಿದ ರೂಢಿ. ಓದುಗರು ದೊಡ್ಡಸ್ತಿಕೆ ಎಂದು ತಿಳಿಯಬಾರದು.)

ನಮ್ಮೂರಿನ ಹಳೆಯ ಸ್ಟುಡಿಯೋ ಒಂದರಲ್ಲಿ ಕಾಂಟ್ಯಾಕ್ಸ್ ಜಿ1 ಕ್ಯಾಮೆರಾ ಕಪಾಟಿನಲ್ಲಿ ಕೂತಿತ್ತು. ದುಬೈಯಲ್ಲಿ ದುಡಿಯುತ್ತಿದ್ದವರೊಬ್ಬರು 90ರ ದಶಕದ ಕೊನೆಯಲ್ಲಿ ತಂದು ಮಾರಿ ಹೋದದ್ದಂತೆ. ಜಪಾನಿನ ಕ್ಯೋಸೆರಾ ಕಂಪನಿ 1994ರಲ್ಲಿ ಹೊರತಂದ ಮಾದರಿ. 2005ರಲ್ಲಿ ಕಂಪನಿ ಈ ವ್ಯವಹಾರವನ್ನೇ ಬಿಡುವುದಾಗಿ ಸಾರಿತು. ಆದ್ದರಿಂದ ಕೆಟ್ಟರೆ ಬಿಡಿಭಾಗಕ್ಕೆ ಇನ್ನೊಂದು ಸತ್ತ ಕ್ಯಾಮೆರಾವನ್ನೇ ಹುಡುಕಬೇಕು. ಜೊತೆಗೆ ಎರಡು ಜೈಸ್ ಲೆನ್ಸುಗಳು, 45 ಮಿ.ಮೀ. ಮತ್ತು 90 ಮಿ.ಮೀ. ಯಜಮಾನರು ಪೊಟ್ಟಣ ಕಟ್ಟುತ್ತಾ ಏನೇನೋ ಹೇಳಿದರು. ಖುಷಿಯಲ್ಲಿ ನಮಗೆ ಅರ್ಧ ಕೇಳಿಸಲಿಲ್ಲ.

ಅಮ್ಮಿ ಬಿಳಿ ಸೀರೆಯುಟ್ಟು ನಡುಮನೆಯ ಕಿಟಕಿಯ ಮುಂದೆ ಕೂತರು. ಒಂದು ರೀಲು ಮುಗಿಸಿ ಬೆಂಗಳೂರಿಗೆ ತೊಳೆಯಲು ಕಳಿಸಿದೆವು. ಹದಿನೈದು ದಿನಕ್ಕೆ ಬಂದ ಪ್ರಿಂಟುಗಳಲ್ಲಿ ಹಿಂದಿನ ಕಿಟಕಿಯ ಸರಳುಗಳು ತುಕ್ಕಿನ ಕಲೆಯ ಸಮೇತ ಎಣಿಸುವಂತಿದ್ದವು. ಅಮ್ಮಿ ಮಾತ್ರ ಹೊಗೆಯಂತೆ. "ಕ್ಯಾ ಬೇಟಾ, ಖಿಡ್ಕೀ ಕಾ ಫೋಟೋ ಲಿಯಾ ಕ್ಯಾ?" ಎಂದರು. ಕಿಟಕಿಯ ಫೋಟೋ ತೆಗೆದೆಯಾ ಎಂದು. ನಕ್ಕೇ ಹೇಳಿದರು, ಆದರೆ ಮತ್ತೆ ಕೂರಲು ಒಪ್ಪಲಿಲ್ಲ.

ಸಿಟ್ಟಿನಲ್ಲಿ ಸ್ಟುಡಿಯೋಕ್ಕೆ ಹೋದೆವು. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಅವರ ಎದುರಿಗೇ "ಕೆಟ್ಟ ಮಾಲನ್ನು ತಲೆಗೆ ಕಟ್ಟಿದಿರಿ" ಎಂದುಬಿಟ್ಟೆವು. ಯಜಮಾನರು ಪ್ರಿಂಟನ್ನು ನೋಡಿದರು, ನಮ್ಮನ್ನು ನೋಡಿದರು, ಗಲ್ಲಾ ತೆರೆದು ಅರ್ಧ ಹಣ ಎಣಿಸಿ ಕೊಟ್ಟರು. "ಕ್ಯಾಮೆರಾ ನಿಮ್ಮಲ್ಲೇ ಇರಲಿ, ಸಾಹೇಬ್ರೇ" ಎಂದರು. ನಾವು ಹಣ ಜೇಬಿಗಿಳಿಸಿ ಬಂದೆವು.

ಮನೆಗೆ ಬಂದ ಮೇಲೆ, ಇಷ್ಟಕ್ಕೂ ಇದಕ್ಕೆ ಏನಾಗಿದೆ ಎಂಬ ಕುತೂಹಲ ಶುರುವಾಯಿತು. ಈ ಕ್ಯಾಮೆರಾ ಲೆನ್ಸಿನ ಮೂಲಕ ನೋಡಿ ಫೋಕಸ್ ಮಾಡುವುದಿಲ್ಲ. ಮುಂಭಾಗದಲ್ಲಿ ಎರಡು ಪುಟ್ಟ ಕಿಂಡಿಗಳಿವೆ. ಎರಡರಲ್ಲೂ ಬೀಳುವ ಬಿಂಬಗಳನ್ನು ಹೋಲಿಸಿ, ಅವುಗಳ ವ್ಯತ್ಯಾಸದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಸೂಜಿಗೆ ದಾರ ಪೋಣಿಸುವಾಗ ನಮ್ಮ ಎರಡು ಕಣ್ಣು ಮಾಡುವ ಕೆಲಸವೇ. ಆಮೇಲೆ ಒಳಗಿನ ಮೋಟಾರು ಆ ಲೆಕ್ಕದಂತೆ ಲೆನ್ಸನ್ನು ತಿರುಗಿಸುತ್ತದೆ. ಲೆಕ್ಕ ತಪ್ಪಿದರೆ ತೆಗೆಯುವವರಿಗೆ ಗೊತ್ತೇ ಆಗುವುದಿಲ್ಲ. ನಾವು ಕಣ್ಣಿಟ್ಟು ನೋಡುವ ಕಿಂಡಿ ಬೇರೆ, ಅದರಲ್ಲಿ ಹತ್ತಿರದ್ದೂ ದೂರದ್ದೂ ಸದಾ ಸ್ಪಷ್ಟ. ತಪ್ಪು ತಿಳಿಯುವುದು ರೀಲು ತೊಳೆದ ಮೇಲೆ.

ಮೊದಲು ಎರಡು ಸಿಆರ್2 ಬ್ಯಾಟರಿಗಳನ್ನು ಬದಲಿಸಿದೆವು. ಮೋಟಾರಿನ ಸದ್ದು ಚುರುಕಾಯಿತು, ಅಷ್ಟೆ. ಲೆನ್ಸು ಕೂರುವ ಜಾಗದ ಲೋಹದ ಚುಕ್ಕಿಗಳನ್ನು ಒಣಬಟ್ಟೆಯಿಂದ ಒರೆಸಿದೆವು. ಮುಂದಿನ ಕಿಂಡಿಗಳಲ್ಲಿ ಜಿಡ್ಡು ಕೂತಿತ್ತು. ಅದು ಯಾರ ಬೆರಳಿನದೆಂದು ಆಗ ಯೋಚಿಸಲಿಲ್ಲ. ಮಗಳು ಎದುರಿಗೆ ನಿಂತು ನೋಡಿ, "ಅಬ್ಬಾ, ನಿಮ್ಮ ಬೆರಳು ಒಂದು ಕಿಂಡಿಯ ಮೇಲೇ ಇದೆಯಲ್ಲ" ಎಂದಳು. ಎಡಗೈಯಲ್ಲಿ ಕ್ಯಾಮೆರಾವನ್ನು ಬಿಗಿಯಾಗಿ ಹಿಡಿಯುವ ಭರದಲ್ಲಿ, ಯಂತ್ರದ ಒಂದು ಕಣ್ಣು ಮುಚ್ಚಿ ದೂರ ಕೇಳುತ್ತಿದ್ದೆವು!

ಆದರೂ ಆ ಸರಳುಗಳ ಪ್ರಶ್ನೆ ಉಳಿಯಿತು. ಬೀದಿಯಲ್ಲಿ ಬಿಸಿಲಲ್ಲಿ ತೆಗೆದವು ಚೆನ್ನಾಗಿಯೇ ಇದ್ದವು. ಅದರ ಗುಟ್ಟು ಬೇರೆ. ಎಫ್/8ರಲ್ಲಿ 45ರ ಲೆನ್ಸು ಎರಡು ಮೀಟರ್ ದೂರದಲ್ಲಿ ಸುಮಾರು ಒಂದು ಮೀಟರಿನಷ್ಟು ಆಳವನ್ನು ಸ್ಪಷ್ಟವಾಗಿ ಹಿಡಿಯುತ್ತದೆ, ಸಣ್ಣ ತಪ್ಪು ಅದರಲ್ಲಿ ಅಡಗಿಹೋಗುತ್ತದೆ. ಮನೆಯೊಳಗಿನ ಬೆಳಕಿಗೆ ಎಫ್/2 ಬೇಕು. ಆಗ ಒಂದು ಮೀಟರ್ ದೂರದಲ್ಲಿ ಸಿಗುವುದು ಸುಮಾರು ಆರು ಸೆಂ.ಮೀ. ಮಾತ್ರ. ಕಣ್ಣು ಸ್ಪಷ್ಟವಾದರೆ ಕಿವಿ ಮಸುಕು.

ಒಂದು ಸಂಜೆ ಅಡ್ಡಪಟ್ಟೆಯ ಚಾಪೆಯತ್ತ ಕ್ಯಾಮೆರಾ ಹಿಡಿದೆವು. ಮೋಟಾರು ಹುಡುಕಾಡಿತು. ಕ್ಯಾಮೆರಾವನ್ನೇ ಉದ್ದಕ್ಕೆ ತಿರುಗಿಸಿ ಹಿಡಿದರೆ ತಟ್ಟನೆ ನಿಂತಿತು. ಅಂದರೆ ಹೋಲಿಸಲು ಅದಕ್ಕೆ ನೆಟ್ಟಗಿನ ಗೆರೆಗಳು ಬೇಕು. ಅಮ್ಮಿಯ ಬಿಳಿ ಸೆರಗಿನಲ್ಲಿ ಗೆರೆ ಎಲ್ಲಿದೆ? ಸಿಕ್ಕಿದ್ದು ಹಿಂದಿನ ಕಿಟಕಿ. ನಮ್ಮಜ್ಜ ಕಟ್ಟಿಸಿದ ಮನೆಯ ಸಾಲುಸಾಲು ಕಬ್ಬಿಣದ ಸರಳುಗಳು. ಮುಖ ಯಾರದೆಂದು ಯಂತ್ರಕ್ಕೇನು ಗೊತ್ತು?

ಇನ್ನೊಂದು ರೀಲನ್ನು ಪರೀಕ್ಷೆಗೆಂದೇ ಖರ್ಚು ಮಾಡಿದೆವು. ಮೇಜಿನ ಮೇಲೆ ಐದು ಪುಸ್ತಕಗಳನ್ನು ಓರೆಯಾಗಿ, ಒಂದರ ಹಿಂದೆ ಒಂದರಂತೆ ನಾಲ್ಕು ಬೆರಳು ಅಂತರ ಬಿಟ್ಟು ನಿಲ್ಲಿಸಿದೆವು. ನಡುವಿನದು ಕನ್ನಡ ನಿಘಂಟು, ಅದರ ಹಿಂದಿನದು ಉರ್ದು ಲುಗತ್. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು ಪ್ರತಿ ಸಲವೂ ನಿಘಂಟಿಗೇ ಗುರಿಯಿಟ್ಟು, ಯಾವ ಲೆನ್ಸು, ಎಷ್ಟು ದೂರ ಎಂದು ನೋಟುಪುಸ್ತಕದಲ್ಲಿ ಬರೆದುಕೊಂಡೆವು. 45ರ ಲೆನ್ಸಿನಲ್ಲಿ ಎಲ್ಲದರಲ್ಲೂ ನಿಘಂಟೇ ಸ್ಪಷ್ಟ. 90ರ ಲೆನ್ಸಿನಲ್ಲಿ, ಒಂದೂವರೆ ಮೀಟರಿನಿಂದ ತೆಗೆದ ಆರಕ್ಕೆ ಐದರಲ್ಲಿ ಲುಗತ್ ಸ್ಪಷ್ಟ!

ಆಗ ನೆನಪಾಯಿತು. ಪೊಟ್ಟಣ ಕಟ್ಟುವಾಗ ಯಜಮಾನರು ಹೇಳಿದ್ದರು, "ತೊಂಬತ್ತರದನ್ನು ಹತ್ತಿರಕ್ಕೆ ನೆಚ್ಚಬೇಡಿ." ಈ ಕ್ಯಾಮೆರಾದಲ್ಲಿ ಆ ಲೆನ್ಸಿನ ಬಗ್ಗೆ ಅದು ಹಳೆಯ ದೂರು. ಅವರು ಮುಚ್ಚಿಟ್ಟಿರಲಿಲ್ಲ. ನಾವು ಕೇಳಿಸಿಕೊಂಡಿರಲಿಲ್ಲ.

ಅಮ್ಮಿಯನ್ನು ಮತ್ತೆ ಒಪ್ಪಿಸಲು ಎರಡು ತಿಂಗಳು ಹಿಡಿಯಿತು. ಈ ಸಲ ಕಿಟಕಿಯನ್ನು ಬಿಟ್ಟು ಪಡಸಾಲೆಯ ಗೋಡೆಯ ಮುಂದೆ ಕೂರಿಸಿದೆವು. 45ರ ಲೆನ್ಸು, ಬೆರಳುಗಳು ಕೆಳಗೆ. ಕನ್ನಡಕದ ಅಂಚಿಗೆ ಗುರಿಯಿಟ್ಟು, ಗುಂಡಿಯನ್ನು ಅರ್ಧ ಒತ್ತಿ ಹಿಡಿದು, ಮತ್ತೆ ಚೌಕಟ್ಟನ್ನು ಸರಿಮಾಡಿಕೊಂಡೆವು. ಅಮ್ಮಿ ಬೇಸತ್ತು "ಆಯಿತೇನೋ?" ಎಂದಾಗ ಒತ್ತಿದ್ದೇ ಚೆನ್ನಾಗಿ ಬಂತು. ಹುಬ್ಬಿನ ಬಿಳಿ ಕೂದಲು ಕೂಡ ಕಾಣುತ್ತದೆ.

ಆ ಪ್ರಿಂಟನ್ನೂ ಹಣವನ್ನೂ ಹಿಡಿದು ಸ್ಟುಡಿಯೋಕ್ಕೆ ಹೋದೆವು. ಅಂದಿನ ಆ ನಾಲ್ಕು ಜನರನ್ನು ಎಲ್ಲಿಂದ ತರುವುದು? ಅಂಗಡಿಯಲ್ಲಿ ಅವರೊಬ್ಬರೇ ಇದ್ದರು. ತಪ್ಪಾಯಿತೆಂದೆವು. ಅವರು ಮಾತಾಡಲಿಲ್ಲ. ಭೂತಗನ್ನಡಿ ತೆಗೆದು ಪ್ರಿಂಟಿನ ಮೇಲಿಟ್ಟು ಬಹಳ ಹೊತ್ತು ಅಮ್ಮಿಯ ಕಣ್ಣುಗಳನ್ನೇ ನೋಡಿದರು. ಆಮೇಲೆ ಹಣವನ್ನು ಎಣಿಸಿ, ಅದರಿಂದ ಐದು ನೋಟುಗಳನ್ನು ಬೇರೆ ತೆಗೆದು ನಮ್ಮ ಕಡೆ ಸರಿಸಿದರು.

"ಇದು ತೊಂಬತ್ತರ ಲೆನ್ಸಿನದು. ಹೇಳಿದ್ದು ನಿಜ, ಸಾಹೇಬ್ರೇ. ಆದರೆ ಬೆಲೆಯಲ್ಲಿ ಬಿಟ್ಟಿರಲಿಲ್ಲ."